ಹಿತ್ತಲ ಮಡಿಯೂ ನೆರೆಯವರ ಕೊಡವೂ



ಶಿವರಾತ್ರಿ ಕಳೆದು ಚಳಿಯು ಹಿಂದೆಗೆದು, ಬೇವಿನ ಮರವು ಹಳೆಯ ಎಲೆಗಳನ್ನು ಉದುರಿಸಿ ಕೆಂಪು ಚಿಗುರನ್ನು ತೋರಿಸುವ ದಿವಸಗಳಲ್ಲಿ ಕುರಕುಂಟಾ, ಸೇಡಂ, ಚಿತ್ತಾಪುರ, ಚಿಂಚೋಳಿ ಮುಂತಾದ ಊರುಗಳ ಮನೆಗಳ ಹಿಂದೆ ಒಂದು ಸಣ್ಣ ಕೆಲಸ ನಡೆಯುವದನ್ನು ನೀವೆಲ್ಲರೂ ಬಲ್ಲಿರಿ. ತೊಗರಿಯು ಮನೆ ಸೇರಿದೆ, ಜೋಳದ ರಾಶಿಯೂ ಮುಗಿಯುತ್ತ ಬಂದಿದೆ, ಹೊಲವು ಬರಿದಾಗಿ ಬಿರಿಯುತ್ತಲಿದೆ. ಆಗ ಮನೆಯ ತಾಯಿಯಾಗಲಿ ಮಗಳಾಗಲಿ ಖುರಪಿ ಹಿಡಿದು ಹಿತ್ತಲಿಗೆ ಹೋಗಿ, ಮಣ್ಣನ್ನು ಸಡಿಲು ಮಾಡಿ, ಹೆಂಟೆಗಳನ್ನು ಒಡೆದು, ಮಡಿ ಕಟ್ಟುತ್ತಾಳೆ. ಒಂದು ಮಡಿಯಲ್ಲಿ ಪುಂಡಿಪಲ್ಯ, ರಾಜಗಿರಿ, ಮೆಂತೆ; ಇನ್ನೊಂದರಲ್ಲಿ ಬೆಂಡೆ, ಚವಳಿ, ಬದನೆ; ಬೇಲಿಯ ಬದಿಗೆ ಹೀರೆ, ಹಾಗಲ, ಸವತೆಯ ಬಳ್ಳಿಗಳು; ಬಚ್ಚಲಿನ ನೀರು ಹರಿಯುವಲ್ಲಿ ಮಲ್ಲಿಗೆ, ಅಬ್ಬಲಿಗೆ, ದಾಸವಾಳ. ಹಾದಿಯಲ್ಲಿ ಹೋಗುವವನಿಗೆ ಇದು ಕಾಣುವದೂ ಇಲ್ಲ. ಆದರೆ ಆ ಮನೆಯ ಗಂಗಾಳದಲ್ಲಿ ಜೋಳದ ರೊಟ್ಟಿಯ ಪಕ್ಕದಲ್ಲಿ ಏನು ಇರುವದೆಂಬದನ್ನು ಬಹುಮಟ್ಟಿಗೆ ಆ ಮಡಿಯೇ ತೀರ್ಮಾನಿಸುತ್ತದೆ.

ಇದರೊಳಗೆ ಒಂದು ಧರ್ಮಸಂದೇಹವು ಅಡಗಿದೆ. ಫಾಲ್ಗುಣದಲ್ಲಿ ಬಾವಿಯಲ್ಲಿ ನೀರು ಕೈಗೆಟಕುವಂತಿದ್ದರೂ ವೈಶಾಖದಲ್ಲಿ ಹಗ್ಗ ಉದ್ದವಾಗುತ್ತದೆ. ನಳದಲ್ಲಿ ದಿನವೂ ಬರುತ್ತಿದ್ದ ನೀರು ಎರಡು ದಿನಕ್ಕೊಮ್ಮೆ, ಮೂರು ದಿನಕ್ಕೊಮ್ಮೆ ಬರುತ್ತದೆ. ಆಗ ಹಿತ್ತಲ ಮಡಿಗೆ ನೀರು ಹೊಯ್ಯುವದು ನ್ಯಾಯವೋ? ಕಾಯಿಪಲ್ಯಕ್ಕಾದರೆ ನ್ಯಾಯವೆಂದು ಒಪ್ಪಿದರೂ ಹೂವಿಗೆ ನ್ಯಾಯವೋ? ನೆರೆಮನೆಯವಳ ಕೊಡ ಬರಿದಾಗಿರುವಾಗ ನಮ್ಮ ಮಲ್ಲಿಗೆಯ ಬುಡ ಹಸಿಯಾಗಿದ್ದರೆ ಅದಕ್ಕೆ ಏನೆನ್ನಬೇಕು? ಇದು ಹೆಂಗಸರ ಹಿತ್ತಲಿನ ಮಾತು, ವಿಚಾರವಂತರು ಎತ್ತತಕ್ಕದ್ದಲ್ಲ ಎಂದು ಯಾರೂ ನಗಬಾರದು. ಮನುಷ್ಯನ ನ್ಯಾಯಬುದ್ಧಿಯು ದೊಡ್ಡ ಸಭೆಗಳಲ್ಲಿ ಒಮ್ಮೆಯಾದರೆ ಕೊಡ ತುಂಬುವ ಸ್ಥಳದಲ್ಲಿ ದಿನವೂ ಪರೀಕ್ಷಿಸಲ್ಪಡುತ್ತದೆ.

ಮೊದಲು ಮಡಿಯು ಎಷ್ಟು ಕುಡಿಯುವದೆಂದು ಲೆಕ್ಕ ಹಾಕೋಣ. ಯಾಕಂದರೆ ಲೆಕ್ಕವಿಲ್ಲದ ಧರ್ಮವಿಚಾರವು ಬರೀ ಮಾತಾಗುವದು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಹಿತ್ತಲನ್ನು ತೆಗೆದುಕೊಳ್ಳಿರಿ. ಅದು ೯ ಚದರ ಮೀಟರಿಗೆ ಸ್ವಲ್ಪ ಹೆಚ್ಚು. ನಮ್ಮ ಸೀಮೆಯ ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ, ೪೦ ಡಿಗ್ರಿಯನ್ನು ಮೀರುವ ಉಷ್ಣದಲ್ಲಿ, ತುಂಬಿ ಬೆಳೆದ ಕಾಯಿಪಲ್ಯದ ಒಂದು ಚದರ ಮೀಟರಿಗೆ ದಿನಕ್ಕೆ ಸುಮಾರು ೬ರಿಂದ ೭ ಲೀಟರ್ ನೀರು ಬೇಕು. ಒಟ್ಟಿಗೆ ೬೦ ಲೀಟರ್. ಅಂದರೆ ೧೫ ಲೀಟರಿನ ಕೊಡದಿಂದ ನಾಲ್ಕು ಕೊಡ. ಮಾರ್ಚ್ ನಡುವಿನಿಂದ ಮೃಗಶಿರಾ ಮಳೆ ಬೀಳುವ ತನಕ ತೊಂಬತ್ತು ದಿವಸವೆಂದು ಹಿಡಿದರೆ ೩೬೦ ಕೊಡ.

ಈಗ ಇನ್ನೊಂದು ಅಂಕಿಯನ್ನು ಇದರ ಪಕ್ಕದಲ್ಲಿ ಇಡಿರಿ. ೨೦೧೯ರಲ್ಲಿ ಆರಂಭವಾದ ಜಲಜೀವನ ಯೋಜನೆಯು ಹಳ್ಳಿಯ ಪ್ರತಿಯೊಬ್ಬನಿಗೆ ದಿನಕ್ಕೆ ೫೫ ಲೀಟರ್ ನೀರನ್ನು ಮನೆಯ ನಳದಲ್ಲಿ ಕೊಡಬೇಕೆಂದು ಗುರಿ ಇಟ್ಟಿತು. ಕುಡಿಯುವದು, ಅಡಿಗೆ, ಸ್ನಾನ, ಬಟ್ಟೆ, ಪಾತ್ರೆ ಎಲ್ಲವೂ ಅದರೊಳಗೆ ಸೇರಿದೆ. ಹಾಗಾದರೆ ಹತ್ತು ಅಡಿಯ ಮಡಿಯು ಬೇಸಿಗೆಯಲ್ಲಿ ಒಬ್ಬ ಮನುಷ್ಯನ ಪಾಲಿಗಿಂತಲೂ ಹೆಚ್ಚು ಕುಡಿಯುತ್ತದೆ. ಐದು ಜನರ ಮನೆಯಲ್ಲಿ ಮಡಿಯು ಆರನೆಯವನು. ಈ ಆರನೆಯವನನ್ನು ಮನೆಗೆ ಕರೆತರುವಾಗ, ಇವನ ಪಾಲು ಎಲ್ಲಿಂದ ಬರುವದೆಂದು ನಾವು ಕೇಳಿಕೊಳ್ಳಬೇಕಲ್ಲವೇ?

ಈ ಪ್ರಶ್ನೆಗೆ ಜನರು ಎರಡು ತರದ ಉತ್ತರ ಕೊಡುವದುಂಟು. ಎರಡನ್ನೂ ಪರೀಕ್ಷಿಸೋಣ.

ಮೊದಲನೆಯವರು ಹೇಳುವದೇನಂದರೆ: "ಬಾವಿ ನನ್ನದು, ಹಣ ನನ್ನದು, ಸೇದುವ ಕೈ ನನ್ನದು. ನನ್ನ ನೀರನ್ನು ನಾನು ಹೂವಿಗೆ ಹಾಕಿದರೆ ಯಾರಿಗೇನು?" ಈ ಮಾತಿಗೆ ಒಂದು ಕಾಲದ ಕಾಯಿದೆಯ ಬಲವೂ ಉಂಟು. ಬ್ರಿಟಿಷರ ಕಾಲದಲ್ಲಿ, ೧೮೮೨ರಲ್ಲಿ ಆದ ಈಸ್‌ಮೆಂಟ್ಸ್ ಕಾಯಿದೆಯು, ಗೊತ್ತಾದ ಕಾಲುವೆಯಲ್ಲಿ ಹರಿಯದೆ ನೆಲದ ಕೆಳಗಿರುವ ನೀರನ್ನು ನೆಲದ ಒಡೆಯನು ತನ್ನ ಎಲ್ಲೆಯೊಳಗೆ ಕೂಡಿಸಿಕೊಂಡು ಬಳಸಬಹುದೆಂದು ಒಪ್ಪಿತು. ಆದರೆ ನೆಲದ ಮೇಲಿನ ಎಲ್ಲೆಯ ಕಲ್ಲು ನೆಲದ ಕೆಳಗಿನ ನೀರಿಗೆ ಗೊತ್ತಿಲ್ಲ. ನಮ್ಮ ಸೀಮೆಯ ಸ್ಥಿತಿಯನ್ನೇ ನೋಡಿರಿ. ಮೇಲೆ ಎರೆ ಮಣ್ಣು, ಕೆಳಗೆ ಸುಣ್ಣದ ಕಲ್ಲು. ಶಹಾಬಾದಿನ ಫರಸಿಯೂ, ಸೇಡಂ, ವಾಡಿಗಳ ಸಿಮೆಂಟೂ ಈ ಕಲ್ಲಿನಿಂದಲೇ ಬಂದವು. ಕುರಕುಂಟಾದಲ್ಲಿ ಸಿಮೆಂಟ್ ಕಾರ್ಪೊರೇಶನ್ನಿನ ಕಾರ್ಖಾನೆಯು ನಿಂತದ್ದೂ ಈ ಕಲ್ಲಿನ ಸಲುವಾಗಿಯೇ. ಆ ಕಾರ್ಖಾನೆಯು ೧೯೯೦ರ ದಶಕದ ಕೊನೆಯಲ್ಲಿ ಮುಚ್ಚಿಹೋದರೂ ಕಲ್ಲು ಇದ್ದಲ್ಲಿಯೇ ಇದೆ. ಈ ಕಲ್ಲು ಉಸುಬಿನಂತೆ ನೀರನ್ನು ಸಮವಾಗಿ ಹಿಡಿದಿಡುವದಿಲ್ಲ. ಅದರ ಬಿರುಕುಗಳಲ್ಲಿಯೂ ಸವೆದ ಪೊಟರೆಗಳಲ್ಲಿಯೂ ನೀರು ನಿಲ್ಲುತ್ತದೆ, ಓಡಾಡುತ್ತದೆ. ಆದಕಾರಣ ಒಂದು ಹಿತ್ತಲಿನ ಕೊಳವೆ ಬಾವಿಯನ್ನು ದಿನವಿಡೀ ಓಡಿಸಿದರೆ, ಅದೇ ಬಿರುಕಿನ ಮೇಲಿರುವ ಇನ್ನೊಬ್ಬರ ಬಾವಿ ಇಳಿಯಬಹುದು. ಸೇದಿದವನಿಗೆ ಅದು ಕಾಣುವದಿಲ್ಲ, ಇಳಿದವನಿಗೆ ಕಾರಣ ತಿಳಿಯುವದಿಲ್ಲ. ಕಾಯಿದೆಯೂ ಬರಬರುತ್ತಾ ಇದನ್ನು ಕಂಡಿತು. ೨೦೧೧ರಲ್ಲಿ ಕರ್ನಾಟಕವು ಅಂತರ್ಜಲದ ಬಳಕೆಯನ್ನು ಹತೋಟಿಯಲ್ಲಿಡುವ ಕಾಯಿದೆಯನ್ನು ಮಾಡಿತು. ಸರಕಾರವು ಗೊತ್ತುಮಾಡಿದ ಪ್ರದೇಶಗಳಲ್ಲಿ ಅನುಮತಿಯಿಲ್ಲದೆ ಹೊಸ ಬಾವಿ ತೋಡಕೂಡದೆಂದು ವಿಧಿಸಿತು. ಹೀಗಿರುವಲ್ಲಿ "ನನ್ನ ನೀರು" ಎಂಬ ಮಾತು ಅರ್ಧ ನಿಜ. ಬಾವಿಯ ಕಟ್ಟೆ ನನ್ನದು. ಕಟ್ಟೆಯ ಕೆಳಗಿನದು ನನ್ನದೂ ಹೌದು, ನೆರೆಯವನದೂ ಹೌದು.

ಈ ಮಾತು ನಮ್ಮಲ್ಲಿ ಅನೇಕರಿಗೆ ಬೇರೆಯವರಿಗಿಂತ ಬೇಗನೆ ತಿಳಿಯಬೇಕು. "ಬಾವಿ ನಮ್ಮದು, ನೀವು ಮುಟ್ಟಬೇಡಿರಿ" ಎಂಬ ಮಾತನ್ನು ನಮ್ಮ ಅಜ್ಜಂದಿರು ಬಾವಿಯ ಕಟ್ಟೆಯಿಂದ ದೂರ ನಿಂತು ಕೇಳಿದ್ದರು. ಮೇಲೆ ನಿಂತವರು ಹೊಯ್ದರೆ ಉಂಟು, ಹೊಯ್ಯದಿದ್ದರೆ ಇಲ್ಲ. ೧೯೨೩ರಲ್ಲಿ ಮುಂಬಯಿಯ ಶಾಸನ ಸಭೆಯು ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ತೆರೆದಿರಬೇಕೆಂದು ಠರಾವು ಮಾಡಿತ್ತು. ಆದರೂ ಕೊಂಕಣದ ಮಹಾಡ ಊರಿನ ಚವದಾರ ಕೆರೆಯಲ್ಲಿ ಅಸ್ಪೃಶ್ಯರೆನಿಸಿಕೊಂಡವರಿಗೆ ನೀರಿರಲಿಲ್ಲ. ೧೯೨೭ನೆಯ ಮಾರ್ಚ್ ೨೦ರಂದು, ಇಂಥದೇ ಬೇಸಿಗೆಯ ಆರಂಭದಲ್ಲಿ, ಡಾಕ್ಟರ್ ಅಂಬೇಡಕರರು ಸಾವಿರಾರು ಜನರೊಂದಿಗೆ ಮೆರವಣಿಗೆಯಾಗಿ ಹೋಗಿ ಆ ಕೆರೆಯ ನೀರನ್ನು ಕುಡಿದರು. ಅದರ ಸಲುವಾಗಿ ಅವರ ಜನರು ಪೆಟ್ಟು ತಿಂದರು, ಕೆರೆಯನ್ನು ಶುದ್ಧಿ ಮಾಡುವ ವಿಧಿಯೂ ನಡೆಯಿತು. ಮುಂಬಯಿಯ ಹೈಕೋರ್ಟು ಅವರ ಪಕ್ಷಕ್ಕೆ ತೀರ್ಪು ಕೊಟ್ಟದ್ದು ೧೯೩೭ರಲ್ಲಿ, ಹತ್ತು ವರುಷಗಳ ಮೇಲೆ. ಬಳಿಕ ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನವು ತನ್ನ ೧೫ನೆಯ ಅನುಚ್ಛೇದದಲ್ಲಿ ಬಾವಿ, ಕೆರೆ, ಸ್ನಾನಘಟ್ಟಗಳ ಹೆಸರನ್ನು ಹೇಳಿಯೇ ಈ ಭೇದವನ್ನು ನಿಷೇಧಿಸಿತು. ಒಂದು ದೇಶದ ಮೂಲ ಶಾಸನದಲ್ಲಿ ಬಾವಿಯ ಹೆಸರು ಬರಬೇಕಾದರೆ, ಬಾವಿಯ ಬಳಿಯಲ್ಲಿ ಎಷ್ಟು ಜನರು ಎಷ್ಟು ಕಾಲ ಕಾದು ನಿಂತಿರಬೇಕೆಂದು ಯೋಚಿಸಿರಿ.

ಹಾಗೆ ಕಾದು ನಿಂತವರ ಮೊಮ್ಮಕ್ಕಳ ಅಂಗಳಕ್ಕೆ ಈಗ ನಳ ಬಂದಿದೆ. ಕೆಲವರಿಗೆ ಸ್ವಂತ ಕೊಳವೆ ಬಾವಿಯೂ ಉಂಟು. ಇದು ಸಂತೋಷದ ವಿಷಯ. ಆದರೆ ಕಟ್ಟೆಯ ಕೆಳಗೆ ನಿಂತಿದ್ದವನು ಕಟ್ಟೆಯನ್ನು ಹತ್ತಿದ ಮೇಲೆ ಅವೇ ಮಾತುಗಳನ್ನು ಆಡಿದರೆ, ಬದಲಾದದ್ದು ನಿಂತ ಸ್ಥಳವೇ ಹೊರತು ನ್ಯಾಯವಲ್ಲ. ಬಾಯಾರಿಕೆಯನ್ನು ಕಂಡವನಿಗೆ ಬಾಯಾರಿದವರ ಮೇಲೆ ಹೆಚ್ಚಿನ ಜವಾಬ್ದಾರಿ ಉಂಟೆಂಬದು ಎಲ್ಲಾ ಧರ್ಮಗಳ ಸಜ್ಜನರೂ ಒಪ್ಪುವ ಮಾತಾಗಿದೆ.

ಕಾಯಿಪಲ್ಯದ ತೋಟದ ವಿಷಯದಲ್ಲಿ ಅರಸುಗಳ ಗ್ರಂಥದೊಳಗಿನ ನಾಬೋತನ ವೃತ್ತಾಂತವು ನಿಮ್ಮ ನೆನಪಿಗೆ ಬರಬಹುದು. ಅಹಾಬ ಅರಸನು ಆಶಿಸಿದ್ದು ಬಂಗಾರವನ್ನಲ್ಲ, ಕೋಟೆಯನ್ನಲ್ಲ. ಅರಮನೆಯ ಪಕ್ಕದಲ್ಲಿ ಕಾಯಿಪಲ್ಯ ಬೆಳೆಸಲಿಕ್ಕೆ ತಕ್ಕದಾದ ಒಂದು ತುಂಡು ನೆಲವನ್ನು. ಇದಕ್ಕಿಂತ ನಿರಪರಾಧವಾದ ಆಶೆ ಲೋಕದಲ್ಲಿ ಇದೆಯೇ? ಆದರೆ ಆ ನೆಲ ಇನ್ನೊಬ್ಬನ ಪಿತ್ರಾರ್ಜಿತವಾಗಿತ್ತು. ಆ ಸಣ್ಣ ಆಶೆಯ ಹಿಂದೆ ಸುಳ್ಳು ಸಾಕ್ಷಿಯೂ ಕೊಲೆಯೂ ಬಂದವು. ಸೊಪ್ಪಿನ ಮಡಿಯು ತನ್ನಲ್ಲಿ ನಿರ್ದೋಷವಾದದ್ದು. ಇನ್ನೊಬ್ಬನ ಪಾಲಿನಿಂದ ಬೆಳೆದಾಗ ಅದೇ ಸೊಪ್ಪು ಕಹಿಯಾಗುತ್ತದೆ. ನಮ್ಮ ಕಾಲದಲ್ಲಿ ನೆಲವನ್ನು ಕಸಿದುಕೊಳ್ಳುವವರು ಕಡಿಮೆ. ಆದರೆ ನೀರನ್ನು ಸದ್ದಿಲ್ಲದೆ ಎಳೆದುಕೊಳ್ಳುವದು ಸುಲಭ. ಹಳ್ಳಿಯ ನಳಕ್ಕೆ ನೇರವಾಗಿ ಮೋಟಾರು ಕೂಡಿಸಿ ಎಳೆಯುವವನ ಮಡಿ ಹಸಿರಾಗಿರುತ್ತದೆ. ಓಣಿಯ ಕೊನೆಯ ಮನೆಯಲ್ಲಿ ನಳವು ಬರೀ ಗಾಳಿಯನ್ನು ಊದುತ್ತದೆ. ಇದನ್ನು ಕಳ್ಳತನವೆಂದು ಯಾರೂ ಕರೆಯದಿದ್ದರೂ ಆ ಕೊನೆಯ ಮನೆಯವರು ಬಲ್ಲರು.

ಇನ್ನು ಎರಡನೆಯವರ ಉತ್ತರ. ಇವರು ಕಟುವಾದ ಸಜ್ಜನರು. "ನೀರಿಲ್ಲದ ಕಾಲದಲ್ಲಿ ತೋಟವೇ ಬೇಡ. ಸೊಪ್ಪನ್ನು ಸಂತೆಯಲ್ಲಿ ಕೊಳ್ಳಬಹುದು. ಹೂವಂತೂ ಶುದ್ಧ ವ್ಯರ್ಥ" ಎಂದು ಇವರ ಮಾತು. ಇದರಲ್ಲಿಯೂ ಸತ್ಯವುಂಟು. ೧೯೭೨ರ ಬರದಂಥ ಕಾಲದಲ್ಲಿ ಯಾರೂ ಮಡಿಯ ಮಾತೆತ್ತುವಂತಿರಲಿಲ್ಲ. ೨೦೧೬ರಲ್ಲಿ ನಮ್ಮ ನೆರೆಯ ಲಾತೂರಿನಲ್ಲಿ ನೀರಿನ ತಾಣಗಳ ಸುತ್ತ ಗುಂಪು ಕೂಡಬಾರದೆಂದು ಆಜ್ಞೆ ಹೊರಟಿತು. ಏಪ್ರಿಲ್ ತಿಂಗಳಲ್ಲಿ ಮಿರಜಿನಿಂದ ರೈಲಿನಲ್ಲಿ ನೀರನ್ನು ತಂದರು. ಮೊದಲನೆಯ ರೈಲು ಹತ್ತು ವ್ಯಾಗನುಗಳಲ್ಲಿ ಸುಮಾರು ೫ ಲಕ್ಷ ಲೀಟರ್ ನೀರನ್ನು ಹೊತ್ತು ಬಂತು. ಅಂಥ ದಿವಸದಲ್ಲಿ ಬದನೆಗೂ ಮಲ್ಲಿಗೆಗೂ ಭೇದವಿಲ್ಲ, ಎರಡೂ ಒಣಗತಕ್ಕದ್ದೇ. ಮನುಷ್ಯನ ಗಂಟಲು ಮೊದಲು, ದನದ ಬಾಯಿ ಆ ಮೇಲೆ, ಗಿಡದ ಬೇರು ಕೊನೆಗೆ. ಈ ಕ್ರಮವನ್ನು ಯಾರೂ ತಿರುವಿಹಾಕಲಾರರು.

ಆದರೆ ಎಲ್ಲಾ ಬೇಸಿಗೆಯೂ ಅಂಥದಲ್ಲ. ಸಾಧಾರಣ ಕೊರತೆಯ ವರುಷದಲ್ಲಿ ಮಡಿಯನ್ನು ಪೂರ್ತಿಯಾಗಿ ತೊರೆದರೆ ಮನೆಯ ಬಡವೇ ಹೆಚ್ಚುವದು. ಸಂತೆಯಲ್ಲಿ ಸೊಪ್ಪಿನ ಬೆಲೆ ಏರುವದೂ ಈ ತಿಂಗಳುಗಳಲ್ಲಿಯೇ. ಕೂಲಿಯ ಮನೆಯಲ್ಲಿ ರೊಟ್ಟಿ, ಬೇಳೆ, ಖಾರ ಇವಿಷ್ಟೇ ಉಳಿದು, ಗರ್ಭಿಣಿಗೂ ಮಗುವಿಗೂ ರಕ್ತವೃದ್ಧಿಗೆ ಬೇಕಾದ ಹಸಿರು ಪಲ್ಯ ತಪ್ಪಿಹೋಗುತ್ತದೆ. ಆಗ ಹಿತ್ತಲಿನ ಒಂದು ಹಿಡಿ ರಾಜಗಿರಿ, ಒಂದು ಟೊಂಗೆ ನುಗ್ಗೆ ಸೊಪ್ಪು ಇವು ವಿಲಾಸವಲ್ಲ. ಮಡಿಗೆ ಹೊಯ್ದ ನೀರೂ ಒಂದು ತರದಲ್ಲಿ ಮನುಷ್ಯರ ಬಾಯಿಗೇ ಹೋಗುವದು.

ಹೂವು ಹೇಗೆ? ಹೀರೆ, ಸವತೆ, ಕುಂಬಳ, ಹಾಗಲ ಈ ಬಳ್ಳಿಗಳಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಜೇನು ಮುಂತಾದ ಹುಳಗಳು ಒಂದರ ಪರಾಗವನ್ನು ಇನ್ನೊಂದಕ್ಕೆ ಒಯ್ಯದಿದ್ದರೆ ಈಚು ನಿಲ್ಲದೆ ಉದುರಿಹೋಗುತ್ತದೆ. ಹೂವಿರುವ ಹಿತ್ತಲಿಗೆ ಹುಳಗಳು ಬರುತ್ತವೆ. ಬಂದವು ಬಳ್ಳಿಯನ್ನೂ ಸಂದರ್ಶಿಸುತ್ತವೆ. ಆದಕಾರಣ ಹೂವು ಕಾಯಿಪಲ್ಯದ ಶತ್ರುವಲ್ಲ, ಸಹಾಯಕ. ಆದರೂ ಈ ಒಂದೇ ವಾದದ ಮೇಲೆ ಹೂವನ್ನು ನಿಲ್ಲಿಸುವದು ನನಗೆ ಸಮ್ಮತವಲ್ಲ. ಉಪಯೋಗಕ್ಕೆ ಬಂದದ್ದು ಮಾತ್ರ ಇರತಕ್ಕದ್ದೆಂದರೆ, ಬಡವನಿಗೆ ಹೊಟ್ಟೆಯೊಂದೇ ಉಂಟು, ಕಣ್ಣಿಲ್ಲ ಎಂದ ಹಾಗಾಯಿತು. ಬಡವರ ವಿಷಯದಲ್ಲಿ ಉಳ್ಳವರು ಬಹುಕಾಲ ಹೀಗೆಯೇ ಎಣಿಸಿದರು. ಬಡವರು ತಮ್ಮ ವಿಷಯದಲ್ಲಿ ತಾವೇ ಹೀಗೆ ಎಣಿಸಬಾರದು. ದಿನವೆಲ್ಲಾ ಕಲ್ಲಿನ ಗಣಿಯಲ್ಲಿ ಬಿಳಿ ಧೂಳು ತಿಂದು ಬಂದವನು ಸಾಯಂಕಾಲ ಹಿತ್ತಲಿನಲ್ಲಿ ಮಲ್ಲಿಗೆಯ ವಾಸನೆಯನ್ನು ಕಂಡರೆ, ಮಗಳು ನಾಲ್ಕು ಅಬ್ಬಲಿಗೆಯನ್ನು ಮುಡಿದು ಶಾಲೆಗೆ ಹೋದರೆ, ಅದು ಯಾರ ಪಾಲನ್ನೂ ಕಸಿಯದಿದ್ದಲ್ಲಿ, ಅದನ್ನು ವ್ಯರ್ಥವೆನ್ನುವ ಅಧಿಕಾರ ಯಾರಿಗೂ ಇಲ್ಲ.

"ಯಾರ ಪಾಲನ್ನೂ ಕಸಿಯದಿದ್ದಲ್ಲಿ" ಎಂಬದೇ ಮುಖ್ಯ. ಅದಕ್ಕೆ ದಾರಿಯೂ ಇದೆ. ಐದು ಜನರು ದಿನಕ್ಕೆ ತಲಾ ೧೫ ಲೀಟರಿನಿಂದ ಮೈತೊಳೆದರೂ ಬಚ್ಚಲಿನಿಂದ ೭೫ ಲೀಟರ್ ನೀರು ಹೊರಗೆ ಬೀಳುತ್ತದೆ. ನಮ್ಮ ಮಡಿಯ ನಾಲ್ಕು ಕೊಡಕ್ಕಿಂತ ಇದು ಹೆಚ್ಚು. ಈ ನೀರು ಒಮ್ಮೆ ಮನುಷ್ಯನ ಸೇವೆ ಮಾಡಿ ಮುಗಿಸಿದ ನೀರು. ಇದನ್ನು ಕೇಳಿ ಯಾರೂ ಕೊಡ ಹಿಡಿದು ಬರುವದಿಲ್ಲ. ಮಲ್ಲಿಗೆ, ದಾಸವಾಳ, ಬಾಳೆ, ನುಗ್ಗೆ, ಕರಿಬೇವು ಇವು ಇದರಿಂದಲೇ ಬೇಸಿಗೆಯನ್ನು ದಾಟುತ್ತವೆ. ಆದರೆ ಎಚ್ಚರಿಕೆ: ಹಸಿಯಾಗಿ ತಿನ್ನುವ ಸೊಪ್ಪಿಗೂ ನೆಲಕ್ಕೆ ತಾಗಿರುವ ಪಲ್ಯಕ್ಕೂ ಬಚ್ಚಲ ನೀರು ತಕ್ಕದ್ದಲ್ಲ. ಬಟ್ಟೆ ಒಗೆದ ಸೋಡದ ನೀರನ್ನು ಒಂದೇ ಬುಡಕ್ಕೆ ದಿನವೂ ಹೊಯ್ದರೆ ಎರೆ ಮಣ್ಣು ಬಿಗಿದು ಕಲ್ಲಾಗುತ್ತದೆ, ಸ್ಥಳ ಬದಲಿಸುತ್ತಿರಬೇಕು. ಹೀಗೆ ಹೂವಿನ ಪ್ರಶ್ನೆಗೆ ಉತ್ತರ ಸಿಕ್ಕಿತು: ಸೇದಿದ ಹೊಸ ನೀರು ಹೂವಿಗೆ ಬೇಡ, ಬಳಸಿದ ನೀರು ಧಾರಾಳವಾಗಿ ಇರಲಿ.

ಉಳಿದದ್ದು ಕಾಯಿಪಲ್ಯದ ನಾಲ್ಕು ಕೊಡ. ಇಲ್ಲಿ ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಿರಿ. ಮೇ ತಿಂಗಳು. ನೆರೆಮನೆಯ ಕಿರಿಯವಳು ಬರಿಗೊಡ ಹಿಡಿದು ಬಾಗಿಲಿಗೆ ಬಂದಿದ್ದಾಳೆ.

"ಯಕ್ಕಾ, ಮೂರು ದಿನ ಆತು, ನಳ ಬಂದಿಲ್ಲ. ಕೂಸಿಗಿ ಜ್ವರ. ಎರಡು ಕೊಡ ನೀರು ಕೊಡ್ತೀ?"

"ಏನ್ ಮಾಡ್ಲೆವ್ವಾ ತಂಗಿ, ಬೆಂಡಿ ಈಗ ಹೂ ಹಿಡಿದದ. ಎರಡು ದಿನ ನೀರು ತಪ್ಪಿದರ ಎಲ್ಲಾ ಒಣಗಿ ಹೋಗ್ತದ. ನಾಳಿಗಿ ಬಾ."

ಹಿರಿಯವಳು ಕೆಟ್ಟವಳೆಂದು ಅವಸರದಿಂದ ತೀರ್ಪು ಮಾಡಬೇಡಿರಿ. ಎರಡು ತಿಂಗಳು ಬೆನ್ನು ಬಗ್ಗಿಸಿ ನೀರು ಹೊತ್ತಿದ್ದಾಳೆ. ನೆಟ್ಟದ್ದನ್ನು ಸಾಯಗೊಡಬಾರದೆಂಬ ಅಭಿಮಾನವೂ ಒಳ್ಳೆಯದೇ. ಗಿಡವನ್ನು ನೆಡುವದು ಒಂದು ಮಾತು ಕೊಟ್ಟ ಹಾಗೆ. ಈಗ ಅವಳ ಮುಂದೆ ಎರಡು ಕರ್ತವ್ಯಗಳು ಎದುರುಬದುರಾಗಿ ನಿಂತಿವೆ. ಕೂಸಿನ ಮುಂದೆ ಬೆಂಡೆ ಸೋಲತಕ್ಕದ್ದೆಂಬದರಲ್ಲಿ ಸಂಶಯವಿಲ್ಲ. ಆದರೆ ಪ್ರಶ್ನೆಯು ಇಷ್ಟು ಕಠಿನವಾದದ್ದು ಯಾಕೆ? ಅವಳು ಮಾರ್ಚಿನಲ್ಲಿ ಮಡಿ ಕಟ್ಟುವಾಗ ಮಾರ್ಚಿನ ಬಾವಿಯನ್ನು ನೋಡಿ ಕಟ್ಟಿದಳು, ಮೇ ತಿಂಗಳ ಬಾವಿಯನ್ನು ನೋಡಿ ಕಟ್ಟಲಿಲ್ಲ. ನೀರಿಗೆ ಮೀರಿದ ಮಡಿಯು ಒಂದು ದಿನ ನೆರೆಯವಳೊಂದಿಗೆ ಹೋರಾಡಲೇಬೇಕು. ನ್ಯಾಯದ ಗಳಿಗೆಯು ಕೊಡ ಹಿಡಿದವಳು ಬಾಗಿಲಿಗೆ ಬಂದಾಗ ಬಂತೆಂದು ನಾವು ತಿಳಿಯುತ್ತೇವೆ. ನಿಜವಾಗಿ ಅದು ಬೇಸಿಗೆಯ ಆರಂಭದಲ್ಲಿ, ಖುರಪಿಯಿಂದ ಮಡಿಯ ಎಲ್ಲೆಯನ್ನು ಗೀರಿದಾಗಲೇ ಬಂದಿತ್ತು. ಆಗ ಯಾರೂ ಬಾಗಿಲಲ್ಲಿ ಇರಲಿಲ್ಲವಾದ್ದರಿಂದ ಅದು ನಮಗೆ ಕಾಣಲಿಲ್ಲ.

ಈ ಲೇಖನದ ಸಾರವು ಇಷ್ಟೇ: ಮಡಿಯನ್ನು ವೈಶಾಖದ ನೀರಿನಿಂದ ಅಳೆಯಿರಿ. ಹೋದ ವರುಷ ಮೇ ತಿಂಗಳಲ್ಲಿ ಮನೆಯವರೂ ದನಗಳೂ ಕುಡಿದು ಬಳಸಿದ ಮೇಲೆ ಎಷ್ಟು ಕೊಡ ಮಿಕ್ಕಿತ್ತು? ನಾಲ್ಕು ಮಿಕ್ಕಿದ್ದರೆ ಎರಡು ಕೊಡದ ಮಡಿಯನ್ನು ಕಟ್ಟಿರಿ. ಮಿಕ್ಕದ್ದೇ ಇಲ್ಲವಾದರೆ ಬಚ್ಚಲ ನೀರಿನ ಗಿಡಗಳಷ್ಟೇ ಸಾಕು. ಸೊಪ್ಪಿನ ಮಡಿಗೆ ಮೃಗಶಿರಾ ಮಳೆ ಬರಲಿ.

ಚಿಕ್ಕ ಮಡಿಯು ಚಿಕ್ಕ ಫಲವನ್ನೇ ಕೊಡಬೇಕೆಂದಿಲ್ಲ. ಎರಡು ಕೊಡದಿಂದ ನಾಲ್ಕು ಕೊಡದ ಕೆಲಸ ಮಾಡಿಸುವ ಉಪಾಯಗಳು ಹಳೆಯವು. ಬಿಸಿಲಲ್ಲಿ ಹೊಯ್ದ ನೀರಿನ ದೊಡ್ಡ ಪಾಲು ಗಾಳಿಗೆ ಹೋಗುವದರಿಂದ ಮುಂಜಾನೆ ಬೆಳಕು ಹರಿಯುವ ಮೊದಲೇ ಆಗಲಿ, ಹೊತ್ತು ಮುಳುಗಿದ ಮೇಲೆ ಆಗಲಿ ಹೊಯ್ಯಿರಿ. ಎರೆ ಮಣ್ಣು ಒಣಗಿದಾಗ ಬಿರಿಯುತ್ತದೆ; ಆ ಬಿರುಕುಗಳಿಂದ ಆಳದ ಹಸಿಯೂ ಆರಿಹೋಗುತ್ತದೆ. ಆದಕಾರಣ ಖುರಪಿಯಿಂದ ಮೇಲ್ಮಣ್ಣನ್ನು ಕೆದಕಿ ಬಿರುಕನ್ನು ಮುಚ್ಚಿ, ಅದರ ಮೇಲೆ ತೊಗರಿಯ ಹೊಟ್ಟನ್ನಾಗಲಿ ಒಣಗಿದ ಎಲೆಗಳನ್ನಾಗಲಿ ನಾಲ್ಕು ಬೆರಳು ದಪ್ಪ ಹೊದಿಸಿರಿ. ಪಡುವಣ ಬಿಸಿಲು ಬೀಳುವ ಬದಿಗೆ ತೊಗರಿ ಕಟ್ಟಿಗೆಯ ತಟ್ಟಿ ನಿಲ್ಲಿಸಿರಿ, ಇಲ್ಲವೆ ಹೀರೆಯ ಹಂದರವನ್ನು ಕಟ್ಟಿರಿ. ಎಲ್ಲಕ್ಕಿಂತ ಒಳ್ಳೆಯದು ಹೂಳಿದ ಮಡಕೆ. ಕುಂಬಾರನ ಸುಟ್ಟ ಮಡಕೆಯನ್ನು ಕುತ್ತಿಗೆಯ ತನಕ ಮಣ್ಣಿನಲ್ಲಿ ಹೂಳಿ, ನೀರು ತುಂಬಿ, ಬಾಯಿ ಮುಚ್ಚಿ, ಸುತ್ತಲೂ ಸವತೆಯನ್ನೋ ಬದನೆಯನ್ನೋ ಹಚ್ಚಿರಿ. ಮಡಕೆಯ ಮೈ ನೀರನ್ನು ಒಸರುತ್ತದೆ, ಬೇರು ತನಗೆ ಬೇಕಾದಷ್ಟನ್ನೇ ಹೀರುತ್ತದೆ, ಮೇಲಿನ ಮಣ್ಣು ಒಣಗಿದ್ದು ಕಳೆಯೂ ಏಳುವದಿಲ್ಲ. ಇದು ಹೊಸ ವಿದ್ಯೆಯಲ್ಲ. ಚೀನದೇಶದಲ್ಲಿ ಸುಮಾರು ಎರಡು ಸಾವಿರ ವರುಷಗಳ ಹಿಂದೆ ಫಾನ್ ಶೆಂಗ್‌ಝಿ ಎಂಬವನು ಬರೆದ ಬೇಸಾಯದ ಗ್ರಂಥದಲ್ಲಿಯೇ ಈ ಮಡಕೆಯ ಕ್ರಮವು ಹೇಳಲ್ಪಟ್ಟಿದೆ.

ಇಲ್ಲಿ ಒಬ್ಬರು ಆಕ್ಷೇಪಿಸಬಹುದು: "ನಾಲ್ಕು ಕೊಡ ಮಿಕ್ಕರೂ ಎರಡನ್ನೇ ಮಡಿಗೆ ಹಾಕಿ, ಇನ್ನೆರಡನ್ನು ಕೊಟ್ಟೆನೆನ್ನೋಣ. ಒಬ್ಬಳಿಗೆ ಕೊಟ್ಟರೆ ಹತ್ತು ಮಂದಿ ಬರುತ್ತಾರೆ. ಆಗ ನಮ್ಮ ಮಕ್ಕಳಿಗೇ ಇಲ್ಲವಾದರೆ?" ಇದು ನ್ಯಾಯವಾದ ಭಯ. ಮನೆಯವರ ಕುಡಿಯುವ ನೀರನ್ನೂ ಕೊಟ್ಟುಬಿಡಿರೆಂದು ಯಾರಿಗೂ ಉಪದೇಶ ಮಾಡಲಾಗದು. ಹಾಗೆ ಮಾಡುವವರು ಮಹಾತ್ಮರು, ಅದನ್ನು ವಿಧಿಯಾಗಿ ಮಾಡುವಂತಿಲ್ಲ. ಆದರೆ ಬೇಸಿಗೆಯಲ್ಲಿ ದಿನವೂ ಮಡಿಗೆಂದು ನೀರು ಹೊತ್ತ ಮನೆಯಲ್ಲಿ ಒಂದು ವಿಶೇಷವುಂಟು. ಮಡಿಯಿಲ್ಲದ ಮನೆಯು ತನಗೆ ಬೇಕಾದಷ್ಟನ್ನೇ ತಂದುಕೊಳ್ಳುತ್ತದೆ; ಅದರಲ್ಲಿ ಕೊಡತಕ್ಕದ್ದು ಏನೂ ಇರುವದಿಲ್ಲ. ಮಡಿಯಿರುವ ಮನೆಯಲ್ಲಿ ದಿನಕ್ಕೆ ಒಂದೆರಡು ಕೊಡವಾದರೂ ಮನೆಯ ಖರ್ಚಿನ ಹೊರಗಿನದು ಇರುತ್ತದೆ. ಅದನ್ನು ಕೊಟ್ಟರೆ ಮಕ್ಕಳ ಬಾಯಿ ಒಣಗುವದಿಲ್ಲ, ಬೆಂಡೆ ಮಾತ್ರ ಒಣಗುವದು. ಕೊಡುವದರ ಎಲ್ಲೆಯೂ ಇದೇ: ಮಡಿಯ ಪಾಲು ಮುಗಿಯುವ ತನಕ. ಹೀಗೆ ನೋಡಿದರೆ ಹಿತ್ತಲ ಮಡಿಯು ನೆರೆಯವರಿಂದ ಕಸಿದದ್ದಲ್ಲ. ಮನಸ್ಸು ಸರಿಯಾಗಿದ್ದಲ್ಲಿ ಅದು ನೆರೆಯವರ ಕಷ್ಟಕಾಲಕ್ಕಾಗಿ ಇಟ್ಟ ಗಂಟು. ಒಳ್ಳೆಯ ದಿನದಲ್ಲಿ ಅದು ಪಲ್ಯವಾಗುತ್ತದೆ, ಕೆಟ್ಟ ದಿನದಲ್ಲಿ ನೀರಾಗಿಯೇ ನೆರೆಮನೆಗೆ ಹೋಗುತ್ತದೆ. ಆದರೆ ಮಡಿಯು ಅಳತೆ ಮೀರಿದ್ದರೆ ಈ ಗಂಟು ಸಾಲವಾಗುವದು.

ಅಂಥ ದಿನ ಬಂದಾಗ ಮಡಿಯನ್ನು ಕುಗ್ಗಿಸುವ ಕ್ರಮವನ್ನೂ ತಿಳಿದಿರಬೇಕು. ಎಲ್ಲಾ ಗಿಡಗಳಿಗೂ ಅರೆಹೊಟ್ಟೆ ಹಾಕಿ ಎಲ್ಲವನ್ನೂ ಸಾಯಿಸಬೇಡಿರಿ. ಸೊಪ್ಪಿನ ಮಡಿಯನ್ನು ಮೊದಲು ಕಿತ್ತುಬಿಡಿರಿ. ಅದು ನಷ್ಟವಲ್ಲ, ಅಂದಿನ ಊಟ. ಹೆಚ್ಚಾದದ್ದನ್ನು ಆ ಬರಿಗೊಡದವಳ ಕೈಯಲ್ಲಿಯೇ ಕೊಡಿರಿ. ಬಳ್ಳಿಗಳಲ್ಲಿ ಬಲವಾದ ಒಂದೆರಡನ್ನು ಉಳಿಸಿ ಮಿಕ್ಕವನ್ನು ತೆಗೆಯಿರಿ. ಬದನೆಯ ಟೊಂಗೆಗಳನ್ನು ಕತ್ತರಿಸಿ ಬುಡವನ್ನು ಹೊಟ್ಟಿನಿಂದ ಮುಚ್ಚಿದರೆ ಅದು ಸ್ವಲ್ಪ ನೀರಿನಲ್ಲಿ ಜೀವ ಹಿಡಿದಿದ್ದು, ಮಳೆ ಬಿದ್ದಾಗ ತಿರಿಗಿ ಚಿಗುರುವ ಸಂಭವವುಂಟು. ಮಲ್ಲಿಗೆಯೂ ನುಗ್ಗೆಯೂ ಬಚ್ಚಲ ನೀರಿನ ಮೇಲೆ ಇರುವವು. ಅವುಗಳ ಚಿಂತೆ ಬೇಡ. ಬಿತ್ತುವ ಕಾಲದಲ್ಲಿಯೇ "ಕಷ್ಟ ಬಂದರೆ ಇದು ಮೊದಲು, ಅದು ಆ ಮೇಲೆ" ಎಂದು ಮನೆಯವರೆಲ್ಲರೂ ಕೂಡಿ ಗೊತ್ತುಮಾಡಿದ್ದರೆ, ಬಾಗಿಲಲ್ಲಿ ಕೊಡ ಕಂಡಾಗ ಅಳುಕಿಲ್ಲ, ಜಗಳವಿಲ್ಲ, "ನಾಳೆ ಬಾ" ಎನ್ನುವ ಅವಶ್ಯವೂ ಇಲ್ಲ.

ಗಂಡಸರಿಗೆ ಒಂದು ಮಾತು. ಈ ಲೆಕ್ಕದ ಕೊಡಗಳನ್ನು ನಮ್ಮ ಮನೆಗಳಲ್ಲಿ ಹೊರುವವರು ಹೆಚ್ಚಾಗಿ ಹೆಂಗಸರೂ ಹೆಣ್ಣುಮಕ್ಕಳೂ ಆಗಿದ್ದಾರೆ. ಮಡಿ ದೊಡ್ಡದಾಗಲಿ ಎನ್ನುವದು ಸುಲಭ, ಪುಂಡಿಪಲ್ಯ ಇಲ್ಲವೇ ಎಂದು ಕೇಳುವದು ಇನ್ನೂ ಸುಲಭ. ಬಾವಿಯು ದೂರವಿದ್ದಲ್ಲಿ ೩೬೦ ಕೊಡವೆಂದರೆ ೩೬೦ ಸಾರಿ ತಲೆಯ ಮೇಲಿನ ಭಾರ. ನೆರೆಯವರ ನ್ಯಾಯವನ್ನು ವಿಚಾರಿಸುವವನು ತನ್ನ ಮನೆಯೊಳಗಿನ ಕುತ್ತಿಗೆಯ ನ್ಯಾಯವನ್ನು ಮರೆಯಬಾರದು. ಮಡಿಯ ಅಳತೆಯನ್ನು ನೀರು ಹೊರುವವಳೇ ಹೇಳಲಿ. ಅದನ್ನು ಹೆಚ್ಚಿಸಬೇಕೆನ್ನುವವನು ತಾನೂ ಕೊಡ ಎತ್ತಲಿ.

ಪ್ರಿಯರೇ, ಈ ವರುಷದ ಮಡಿಗಳು ಇನ್ನೂ ಕಟ್ಟಿ ಮುಗಿದಿಲ್ಲ. ಖುರಪಿಯ ಕೆಲಸಕ್ಕೆ ಮೊದಲು ಎರಡು ಕೆಲಸ ಮಾಡಿರಿ: ಬಾವಿಯೊಳಗೆ ಇಣಿಕಿ ನೋಡಿರಿ, ಎಡಬಲದ ಮನೆಗಳಲ್ಲಿ ಹೋದ ಮೇ ತಿಂಗಳು ನೀರು ಹೇಗಿತ್ತೆಂದು ಕೇಳಿರಿ. ಎರಡನ್ನೂ ತಿಳಿದುಕೊಂಡು ಗೆರೆಯನ್ನು ಎಳೆಯಿರಿ. ಹಾಗೆ ಎಳೆದ ಗೆರೆಯೊಳಗೆ ಬೆಂಡೆಯನ್ನೂ ಬಿತ್ತಿರಿ, ಅಬ್ಬಲಿಗೆಯನ್ನೂ ಹಚ್ಚಿರಿ; ಅಂಥ ಮಡಿಯ ಪಲ್ಯವನ್ನು ಉಣ್ಣುವದಕ್ಕೂ ಅದರ ಹೂವನ್ನು ಮುಡಿಯುವದಕ್ಕೂ ಯಾವ ನೆರೆಯವರ ಮುಂದೆಯೂ ನಾಚಬೇಕಾಗಿಲ್ಲ.